ಸಿಂಧನೂರಿಗೆ ಮಾವನವರು ಬರುವ ಕಾಲ

ಭೂಗೋಳದ ಮಾಸ್ತರನ ಜೊತೆ ಹವಾಮಾನ ಹುಡುಗಾಟ ಆಡುವುದು ಇದ್ದದ್ದೇ. ನನ್ನ ವಿಷಯದಲ್ಲಿ ಮಾತ್ರ ಅದು ಸ್ವಲ್ಪ ಅತಿ ಮಾಡಿತು. ಎಂಬತ್ತರ ದಶಕದಲ್ಲಿ ಸಿಂಧನೂರಿನ ಹೈಸ್ಕೂಲಿನಲ್ಲಿ ಯಾವ ದೇಶಕ್ಕೆ ಯಾವ ತಿಂಗಳು ಹೋದರೆ ಹಿತವೆಂದು ನಕ್ಷೆಯ ಮೇಲೆ ಕೋಲಿಟ್ಟು ಹೇಳುತ್ತಿದ್ದೆ. ನನ್ನ ಮಾತು ಕೇಳಿ ಆ ದೇಶಗಳಿಗೆ ಯಾರೂ ಹೋಗಲಿಲ್ಲ, ಹಾಗಾಗಿ ಮಾನ ಉಳಿದಿತ್ತು.

ಮನೆಯಲ್ಲಿ ಹೆಂಡತಿ ಕೇಳಿದ್ದು ಒಂದೇ: "ನಮ್ಮಪ್ಪ ನಮ್ಮನ್ಯಾಗ ನಾಕು ದಿನ ಸುಖದಿಂದ ಇದ್ದು ಹೋಗ್ಲಿ. ಯಾವಾಗ ಬಂದ್ರ ಚಲೋ, ನೀವ ಹೇಳ್ರಿ."

ಮಾವನವರು ಧಾರವಾಡದವರು. ಅಲ್ಲಿಯ ತಂಗಾಳಿಯನ್ನು ತಾವೇ ಬೀಸಿದವರಂತೆ ಮಾತಾಡುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ, ಸಿಹಿಯೆಂದರೆ ಪ್ರಾಣ. ಅಲ್ಲಿ ಅತ್ತೆಯವರ ಕಾವಲು, ಇಲ್ಲಿಗೆ ಬಂದರೆ ಮಗಳ ಕಾವಲು.

ತಣ್ಣೀರು

ಮೊದಲ ಸಲ ಏಪ್ರಿಲ್‌ನಲ್ಲಿ ಕರೆಸಿದೆ. ನನಗೆ ಶಾಲೆಗೆ ರಜೆ ಇತ್ತು. ಬಿಸಿಲಿಗೆ ರಜೆ ಇರುವುದಿಲ್ಲ ಎಂಬುದು ಭೂಗೋಳದವನ ತಲೆಗೆ ಹೊಳೆಯಲಿಲ್ಲ.

ಮಧ್ಯಾಹ್ನ ಬಸ್ಸಿನಿಂದ ಇಳಿದ ಮಾವನವರ ಮುಖ ಕೆಂಡವಾಗಿತ್ತು. ಬಂದವರೇ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಒಂದು ಚೊಂಬು ನೀರು ಸುರಿದುಕೊಂಡರು. ಒಳಗಿನಿಂದ ಕೂಗು ಬಂತು.

"ಮಾಸ್ತರ್ರ, ಇಷ್ಟ್ಯಾಕ ಕಾಸೀರಿ? ಒಂದೀಟು ತಣ್ಣೀರು ಕೊಡ್ರಿ!"

ಮಾಳಿಗೆಯ ಮೇಲೆ ಬಿಸಿಲಿಗೆ ಕಾದ ನೀರಿನ ಟಾಕಿಯನ್ನು ನೆನೆಸಿಕೊಂಡು ಬಾಗಿಲ ಹೊರಗಿನಿಂದಲೇ ಹೇಳಿದೆ: "ಮಾವಾರ, ಅದಽ ತಣ್ಣೀರು."

ಮರುದಿನ ಮುಂಜಾನೆಯ ಬಸ್ಸಿಗೇ ಹೊರಟರು. ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮನೆಯಲ್ಲಿ ತಂಪಾಗಿದ್ದದ್ದು ಅವಳ ಮುಖ ಒಂದೇ.

ತಂಪು

ಆದದ್ದಾಯಿತು, ಮಳೆಗಾಲದಲ್ಲಿ ಬರಲಿ ಎಂದೆ. "ಭಾಳ ತಂಪ ಇರ್ತೈತಿ" ಎಂದು ಪತ್ರ ಬರೆದೆ. ಮಾವನವರು ಲಿಂಗಸುಗೂರಿನವರೆಗೆ ಸುಖವಾಗಿ ಬಂದರು. ಅಲ್ಲಿಂದ ಮುಂದೆ ಮಳೆ ನನ್ನ ಪತ್ರವನ್ನು ಗಂಭೀರವಾಗಿ ತೆಗೆದುಕೊಂಡಿತು. ಮಸ್ಕಿಯ ಹತ್ತಿರ ಹಳ್ಳ ತುಂಬಿ ರಸ್ತೆಯ ಮೇಲೆ ಹರಿದು ಅವರ ಬಸ್ಸು ಆ ದಂಡೆಯಲ್ಲಿ ನಿಂತಿತು.

ಎದುರುಗೊಳ್ಳಲು ಬಸ್ಸು ಹಿಡಿದು ಅಲ್ಲಿಯವರೆಗೆ ಹೋದ ನಾನು ಈ ದಂಡೆಯಲ್ಲಿ, ಒಂದೇ ಚಪ್ಪಲಿಯಲ್ಲಿ ನಿಂತಿದ್ದೆ. ಇನ್ನೊಂದನ್ನು ಎರೆಮಣ್ಣು ಇಟ್ಟುಕೊಂಡಿತ್ತು. ಕೈಯಲ್ಲಿ ಅಳಿಯತನಕ್ಕೆ ಒಪ್ಪುವ ಹೊಸ ಛತ್ರಿ. ಅದೂ ಗಾಳಿಗೆ ಉಲ್ಟಾ ಆಗಿ ಮಳೆನೀರು ಹಿಡಿಯುತ್ತಿತ್ತು.

"ಆರಾಮ ಅದೀರೇನ್ರಿ ಮಾವಾರ?" ಎಂದು ಹಳ್ಳದ ಸದ್ದಿನ ಮೇಲೆ ಕೂಗಿದೆ.

ಆ ಕಡೆ ಜನರ ನಡುವೆ ತೊಯ್ದು ನಿಂತಿದ್ದ ಮಾವನವರು ಎರಡೂ ಕೈ ಎತ್ತಿ ಕೂಗಿದರು: "ಭಾಳ ತಂಪ ಐತ್ರಿ, ಮಾಸ್ತರ್ರ! ಭಾಳ ತಂಪ ಐತಿ!"

ಅವರ ಬಸ್ಸು ಅಲ್ಲಿಂದಲೇ ಹಿಂದಕ್ಕೆ ಹೊರಳಿತು. "ಇಡೀ ಪ್ರಪಂಚದ ಹವಾ ಹೇಳ್ತೀರಿ, ನಮ್ಮಪ್ಪನ್ನ ಹಳ್ಳ ದಾಟ್ಸಾಕ ಆಗ್ಲಿಲ್ಲ" ಎಂದು ಹೆಂಡತಿ ಕಣ್ಣೀರು ಹಾಕಿದಳು. ನನಗೂ ನಿಜವಾಗಿ ನಾಚಿಕೆಯಾಯಿತು.

ಭತ್ತದ ಹುಳ

ಮೂರನೆಯ ಸಲ ದೀಪಾವಳಿಯ ಸುಮಾರಿಗೆ ಕರೆಸಿದೆ. ಬಿಸಿಲಿಲ್ಲ, ಮಳೆಯಿಲ್ಲ, ಊರ ಸುತ್ತ ಕಾಲುವೆ ನೀರಿನ ಹಸಿರು ಭತ್ತ. "ಈಗ ನೋಡ್ರಿ ಊರಂದ್ರ!" ಎಂದರು ಮಾವನವರು. ಹೆಂಡತಿ ಹಿಗ್ಗಿ ಹೋಳಿಗೆ ಮಾಡಿದಳು.

ಸಂಜೆ ಊಟಕ್ಕೆ ಕುಳಿತಾಗ ನೆನಪಾಯಿತು. ಭತ್ತ ತೆನೆಗೆ ಬರುವ ಕಾಲಕ್ಕೆ ಗದ್ದೆಯ ಸಣ್ಣ ಹಸಿರು ಹುಳಗಳೆಲ್ಲ ನಮ್ಮೂರಿನ ದೀಪಗಳಿಗೆ ಮುತ್ತುತ್ತವೆ. ಆಗ ಊರಿಗೆ ಊರೇ ದೀಪ ಆರಿಸಿ ಉಣ್ಣುತ್ತದೆ. ನಮಗೆ ಅದು ಎಷ್ಟು ರೂಢಿಯೆಂದರೆ ಬೀಗರಿಗೆ ಹೇಳಬೇಕೆಂದೇ ತೋಚಿರಲಿಲ್ಲ. ಹುಳಗಳು ಸಾರಿಗೆ ಉದುರತೊಡಗಿದವು. ಹೆಂಡತಿ ಅಪ್ಪನಿಗೆ ಅರ್ಧ ಹೋಳಿಗೆ ನೀಡಿ, ಬುಟ್ಟಿ ನನ್ನ ಪಕ್ಕಕ್ಕಿಟ್ಟು, ದೀಪ ಆರಿಸಿ ಅಡುಗೆಮನೆಗೆ ಹೋದಳು.

ಇನ್ನು ಮಾವನವರು ಜನ್ಮದಲ್ಲಿ ಈ ಕಡೆ ಬರುವುದಿಲ್ಲ ಎಂದುಕೊಂಡು ಕತ್ತಲಲ್ಲಿ ಕುಳಿತಿದ್ದೆ. ಬುಟ್ಟಿ ಅಲುಗಿತು. ಬೆಕ್ಕು ಎಂದು ಪಟ್ಟನೆ ಹೊಡೆದೆ.

"ನಾ ಅದೀನ್ರಿ, ಮಾಸ್ತರ್ರ," ಪಿಸುಮಾತು ಬಂತು. "ಸುಮ್ಕಿರ್ರಿ."

ಊಟ ಮುಗಿದು ದೀಪ ಹಚ್ಚಿದಾಗ ಬುಟ್ಟಿ ಖಾಲಿ.

"ಏನ್ರೀ, ಒಬ್ಬರಽ ಇಷ್ಟೂ ತಿಂದ್ರಿ? ನಮ್ಮಪ್ಪನ ಮುಂದ ಮಾನ ಕಳದ್ರಿ!"

ಮಾವನವರು ಮೀಸೆ ಒರೆಸಿಕೊಂಡು ಹೇಳಿದರು: "ಇರ್ಲಿ ಬಿಡವಾ, ಪಾಪ, ಹಸದಿದ್ರು ಕಾಣತೈತಿ."

ನಾಲ್ಕು ದಿನ ಅಂದವರು ವಾರ ಇದ್ದರು. ಹೋಗುವಾಗ "ಹವಾ ಅಂದ್ರ ಸಿಂಧನೂರ ಹವಾ" ಎಂದರು. ಹೆಂಡತಿ ಮೊದಲ ಬಾರಿಗೆ ನನ್ನ ಭೂಗೋಳವನ್ನು ಮೆಚ್ಚಿದಳು. ಹೊಟ್ಟೆಬಾಕ ಎಂಬ ಹೆಸರು ಮಾತ್ರ ನನ್ನ ತಲೆಗೇ ಉಳಿಯಿತು.

ರಿಪೇರಿ

ಆಮೇಲೆ ಪ್ರತಿ ವರ್ಷ ಧಾರವಾಡದಿಂದ ಪತ್ರ: "ಹುಳ ಬಂದಾವೇನ್ರಿ?" ಬಂದಿವೆ ಎಂದರೆ ಮೂರನೆಯ ದಿನ ಮಾವನವರು ಹಾಜರು.

ತೊಂಬತ್ತರ ದಶಕದಲ್ಲಿ ನನ್ನ ಬುದ್ಧಿ ಮತ್ತೆ ಓಡಿತು. ಪಾಪ, ಹಿರಿಯರು ಎಷ್ಟು ವರ್ಷ ಕತ್ತಲಲ್ಲಿ ಉಣ್ಣಬೇಕು? ಮಗಳನ್ನು ಕಣ್ತುಂಬ ನೋಡುತ್ತ ಉಣ್ಣಲಿ ಎಂದು ಕಿಟಕಿ ಬಾಗಿಲಿಗೆಲ್ಲ ಸಣ್ಣ ಕಣ್ಣಿನ ತಂತಿಜಾಳಿಗೆ ಹೊಡೆಸಿದೆ. ಆ ಸಲ ಬಂದ ಮಾವನವರು ಝಗಝಗಿಸುವ ಟ್ಯೂಬ್‌ಲೈಟಿನ ಕೆಳಗೆ ಕುಳಿತರು. ಒಂದು ಹುಳವಿಲ್ಲ. ಎಲೆಯಲ್ಲಿ ಅರ್ಧ ಹೋಳಿಗೆ, ಎದುರಿಗೆ ಕಣ್ಣು ಮಿಟುಕಿಸದೆ ಕುಳಿತ ಮಗಳು. ನಾನು ಹೆಮ್ಮೆಯಿಂದ "ಹೆಂಗೈತ್ರಿ ಮಾವಾರ?" ಎಂದೆ. ಅವರು ಟ್ಯೂಬ್‌ಲೈಟನ್ನೇ ನೋಡಿದರು.

ಬೆಳಿಗ್ಗೆ ಎದ್ದು ನೋಡಿದರೆ ಮಾವನವರು ಅಡುಗೆಮನೆಯ ಇಕ್ಕಳ ಹಿಡಿದು ಸ್ಟೂಲಿನ ಮೇಲೆ ನಿಂತು ಕಿಟಕಿಯ ಜಾಳಿಗೆಯ ಮೊಳೆ ಕೀಳುತ್ತಿದ್ದರು.

"ಏನ್ ಮಾಡಾಕತ್ತೀರಿ, ಮಾವಾರ?"

ತಿರುಗಿಯೂ ನೋಡದೆ ಹೇಳಿದರು: "ಹವಾ ರಿಪೇರಿ ಮಾಡಾಕತ್ತೀನ್ರಿ."