ಎಲ್ಲಕ್ಕಿಂತ ದೊಡ್ಡ ಕಟ್ಟೆ

ನನ್ನ ಸೋದರಮಾವನ ಕೈಗೆ ಬಿಳಿ ಹಾಳೆ ಸಿಕ್ಕರೆ ಮುಗಿಯಿತು, ಅದು ಅರ್ಜಿಯಾಗಿಯೇ ತೀರುತ್ತದೆ. ಮಗಳ ಮದುವೆಗೆ ಮೊದಲು ಬೀಗರಿಗೆ ಬರೆದ ಪತ್ರವನ್ನೂ ‘ತ್ವರಿತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂದು ಮುಗಿಸಿದ ಮಹಾನುಭಾವ ಅವನು!

ಬ್ಯಾಡಗಿಯ ಅವನ ಪಡಸಾಲೆಯಲ್ಲಿ ಒಂದು ಬೆತ್ತದ ಕುರ್ಚಿಯಿದೆ. ಅರ್ಜಿ ಬರೆಯುವುದು ಅದರ ಮೇಲೆಯೇ. ಒಮ್ಮೆ ನಾನು ಅದರಲ್ಲಿ ಕೂತದ್ದಕ್ಕೆ, “ಏಳೋ, ಅದು ಆಫೀಸ್ ಐತಿ!” ಎಂದು ಎಬ್ಬಿಸಿದ್ದ.

ಮೂರು ವರ್ಷದಿಂದ ಅವನ ಅರ್ಜಿಗಳದ್ದೆಲ್ಲ ಒಂದೇ ವಿಷಯ, ಓಣಿಯ ಗಟಾರ. ಮಳೆ ಬಂದರೆ ಅದು ಕಟ್ಟಿಕೊಂಡು ಹೊಲಸು ನೀರು ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಅರ್ಜಿ ಕೊಡುವವನು ಮಾವ, ಸ್ಕೂಟರ್ ಓಡಿಸುವವನು ನಾನು. ರಾಣೆಬೆನ್ನೂರಿನ ನನ್ನ ಮನೆಯಲ್ಲಿ ಭಾನುವಾರ ನಾನು ಹಾಸಿಗೆ ಬಿಡುವ ಮೊದಲೇ ಫೋನು: “ಹಾವೇರಿಗೆ ಹೋಗೂದೈತಿ, ಲಗೂ ಬಾ!” ಜಿಲ್ಲಾ ಕಚೇರಿಗೂ ರಜೆಯಲ್ಲವೇ ಎಂದರೆ, “ಬಂದ್ ಇದ್ರ ಏನಾತು? ಬಾಗಲ ಸಂದ್ಯಾಗ ತುರುಕಿ ಬರೂಣು!”

ಕಚೇರಿಯವರು ಬರಲೇ ಇಲ್ಲ ಎಂದರೆ ನನ್ನ ನಾಲಿಗೆ ಬಿದ್ದೀತು. ಎರಡು ಸಲ ಗುದ್ದಲಿ ಸಮೇತ ಬಂದರು. ಆದರೆ ಪ್ರತಿ ಮನೆಯವರೂ ಗಟಾರದ ಮೇಲೆಯೇ ಕಟ್ಟೆ ಕಟ್ಟಿಕೊಂಡಿದ್ದಾರಲ್ಲ, ಅದನ್ನು ಒಡೆಯದೆ ಹೂಳು ತೆಗೆಯುವುದು ಹೇಗೆ? “ಮೊದಲ ಅವರದು ಒಡೀರಿ, ಆಮ್ಯಾಲ ನಮ್ದು” ಎಂದು ಎಲ್ಲರೂ ಪಕ್ಕದ ಮನೆ ತೋರಿಸಿದರು. ಬಂದ ದಾರಿಗೆ ಸುಂಕವಿಲ್ಲವೆಂದು ಕೂಲಿಗಳು ವಾಪಸಾದರು. ಮಾವ ಸಿಟ್ಟಿನಿಂದ ಮತ್ತೊಂದು ಅರ್ಜಿ ಗೀಚಿದ: ಎಲ್ಲಕ್ಕಿಂತ ದೊಡ್ಡ ಕಟ್ಟೆ ಯಾರದೋ, ಅದನ್ನೇ ಮೊದಲು ಒಡೆಯಬೇಕು.

ಮೂರನೆಯ ಸಲ ಇಂಜಿನಿಯರ್ ಟೇಪು ಹಿಡಿದೇ ಬಂದರು. ಇಡೀ ಓಣಿ ಅಳೆದು, ಮಾವನ ಮುಂದೆ ನಿಂತು, “ದೊಡ್ಡದು ನಿಮ್ದ ಐತ್ರಿ, ಯಜಮಾನ್ರ” ಎಂದರು. ನಾನು ನಕ್ಕುಬಿಟ್ಟೆ. ಇಷ್ಟು ವರ್ಷ ನನ್ನ ಭಾನುವಾರಗಳನ್ನು ತಿಂದವನಿಗೆ ಇಷ್ಟಾದರೂ ಆಗಬೇಡವೇ?

ಮಾವ ನಗಲಿಲ್ಲ, ಕಟ್ಟೆಯತ್ತ ನೋಡಿದ. ಅಲ್ಲಿ ಅತ್ತೆ ಮಡಿಲ ತುಂಬ ಮೆಣಸಿನಕಾಯಿ ಹಾಕಿಕೊಂಡು ತೊಟ್ಟು ಬಿಡಿಸುತ್ತಿದ್ದಳು. ಮೊಣಕಾಲು ನೋವಿನಿಂದ ಅವಳಿಗೆ ನೆಲದ ಮೇಲೆ ಕೂರಲಾಗದು. ಗೆಳತಿಯರೊಂದಿಗೆ ಅವಳ ಕೆಲಸ, ಹರಟೆ, ನಗು ಎಲ್ಲವೂ ಆ ಕಟ್ಟೆಯ ಮೇಲೆಯೇ. ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

“ಏಳ ಸ್ವಲ್ಪ” ಎಂದು ಮಾವ ಅವಳ ಕೈಹಿಡಿದು ಎಬ್ಬಿಸಿದ. ಕೂಲಿಯವನಿಂದ ಹಾರೆ ಇಸಿದುಕೊಂಡು ಮೊದಲ ಏಟು ತಾನೇ ಹಾಕಿದ. ಸ್ವಲ್ಪ ಹೊತ್ತಿಗೆ ಎದುರು ಮನೆಯವರೂ ತಮ್ಮ ಹಾರೆ ತಂದರು.

ಮುಂದಿನ ಭಾನುವಾರ ಹೋದಾಗ ಗಟಾರ ಹರಿಯುತ್ತಿತ್ತು. ಬಾಗಿಲ ಮುಂದೆ, ಹೆಂಗಸರ ನಡುವೆ, ಅತ್ತೆ ಬೆತ್ತದ ಕುರ್ಚಿಯಲ್ಲಿ ಕೂತು ತೊಟ್ಟು ಬಿಡಿಸುತ್ತಿದ್ದಳು.

“ಆಫೀಸ್ ಎಲ್ಲಿ ಹೋತು, ಮಾವಾ?” ಎಂದೆ.

“ವರ್ಗಾ ಆಗೈತಿ” ಎಂದ. ಓಣಿಯ ಹೆಣ್ಣುಮಕ್ಕಳಿಗೆ ಕೂರಲು ಕಲ್ಲುಬೆಂಚು ಬೇಕೆಂದು, ಹಾಳೆಯನ್ನು ಗೋಡೆಗೆ ಆನಿಸಿ, ನಿಂತುಕೊಂಡೇ ಅರ್ಜಿ ಬರೆಯುತ್ತಿದ್ದ. ಅವನು ಕರೆಯುವ ಮೊದಲೇ ನಾನು ಸ್ಕೂಟರ್ ಚಾಲೂ ಮಾಡಿದೆ.