ಗೋಡೆ ಸಿಗದ ಚಿತ್ರಗಳು

ಬೇರೆಯವರ ಮನೆಯಲ್ಲಿ ಗಂಡಸರು ರಿಟೈರ್ ಆದ ಮೇಲೆ ಪೇಪರ್ ಓದುತ್ತಾರೆ, ವಾಕಿಂಗ್ ಹೋಗುತ್ತಾರೆ, ಹೆಚ್ಚೆಂದರೆ ಸಾರಿಗೆ ಉಪ್ಪು ಕಡಿಮೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ತಿಂಗಳಿಗೆ ಒಂದಾದರೂ ಪ್ರಸಂಗ ನಡೆಯದೇ ಹೋದರೆ ಸೊಸೆಯೇ ಬಂದು, "ಅತ್ತೆ, ಮಾವನಿಗೆ ಹುಷಾರಿಲ್ವಾ?" ಎಂದು ಕೇಳುತ್ತಾಳೆ.

ನಮ್ಮವರು ಕಲಾವಿದರು. ಹುಟ್ಟಿನಿಂದ ಅಲ್ಲ, ರಿಟೈರ್ ಆದ ಮಾರನೆಯ ದಿನದಿಂದ. ಅದಕ್ಕೆ ಮೊದಲು ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದರು. ಆ ಕೆಲಸ ಸಿಕ್ಕಿತೆಂದೇ ಗದಗಿನ ಕಡೆಯ ನಮ್ಮ ಊರಿನಿಂದ ನನ್ನನ್ನು ಕಟ್ಟಿಕೊಂಡು ಯಲಹಂಕಕ್ಕೆ ಬಂದದ್ದು. ಬಂದು ನಲವತ್ತು ವರ್ಷದ ಮೇಲಾಯಿತು. ಈಗಲೂ ನಾನು ಬಾಯಿ ತೆರೆದರೆ ತರಕಾರಿಯವನು, "ಅಮ್ಮಾ, ಊರಿಂದ ಯಾವಾಗ್ ಬಂದ್ರಿ?" ಅನ್ನುತ್ತಾನೆ. ನನ್ನ ಮಾತು ಬದಲಾಗದ ಹಾಗೆ ನಮ್ಮವರ ಕೈಯೂ ಬದಲಾಗಲಿಲ್ಲ. ನಟ್ಟು ಬೋಲ್ಟು ಬರೆದ ಕೈಯಲ್ಲೇ ಗುಲಾಬಿ ಬರೆಯುತ್ತಾರೆ. ಮೊದಲು ಕ್ಯಾಲಿಪರ್ ತೆಗೆದುಕೊಂಡು ಹೂವಿನ ದಪ್ಪ ಅಳೆಯುತ್ತಾರೆ. ಇಕ್ಕಳದ ಹಾಗೆ ಎರಡು ಕಾಲಿರುವ ಆ ಸಾಧನ ಕಾರ್ಖಾನೆಯಲ್ಲಿ ಕಬ್ಬಿಣಕ್ಕೆ ಮಾತ್ರ ಬಳಕೆ. ನಮ್ಮ ಮನೆಯಲ್ಲಿ ಅದು ಮುಟ್ಟದ ವಸ್ತು ಇಲ್ಲ. ಇದ್ದದ್ದು ಇದ್ದ ಹಾಗೆ ಬರಬೇಕು, ಅಷ್ಟೇ ಅವರ ಕಲೆ.

ಅವರಿಗೆ ಆಸೆಯೂ ಒಂದೇ. ತಾವು ಬರೆದ ಒಂದೇ ಒಂದು ಚಿತ್ರವನ್ನು ಯಾರಾದರೂ ತಾವಾಗಿ ಕೇಳಿ ಒಯ್ದು ತಮ್ಮ ಮನೆಯ ಗೋಡೆಗೆ ಹಾಕಿಕೊಳ್ಳಬೇಕು. "ನಮ್ಮ ಮನಿ ಗ್ವಾಡಿಗೆ ನಾನ ಹಾಕ್ಕೊಂಡ್ರ ಏನ್ ಬಂತು? ಮಂದಿ ಗ್ವಾಡಿ ಮ್ಯಾಲೆ ಹೋಗಬೇಕು" ಅನ್ನುತ್ತಾರೆ. ಆ ಮಂದಿಯ ಗೋಡೆಯನ್ನು ಹುಡುಕಿಕೊಂಡು ಹೋದ ಕಥೆ ಇದು.

ಬದನೇಕಾಯಿ

ತವರಿನಿಂದ ತಮ್ಮ ಒಂದು ಚೀಲ ಬದನೇಕಾಯಿ ಕಳಿಸಿದ್ದ. ಎಣ್ಣೆಗಾಯಿಗೆಂದೇ ಹೇಳಿ ಮಾಡಿಸಿದಂಥ ಎಳೆಯ ಕಾಯಿ. ನಾನು ಒಳಗೆ ಶೇಂಗಾ, ಗುರೆಳ್ಳು ಹುರಿದುಕೊಂಡು ಬರುವಷ್ಟರಲ್ಲಿ ಕಾಯಿಗಳೆಲ್ಲ ಮೇಜಿನ ಮೇಲೆ ಬಿಳಿ ಪಂಚೆಯ ಮೇಲೆ ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ನಮ್ಮ ದೇವರ ಮನೆಯ ತಂಬಿಗೆ.

"ಮುಟ್ಟಬ್ಯಾಡ! ಅಳತಿ ತಗೊಂಡೀನಿ" ಅಂದರು.

"ಊಟಕ್ಕ ಏನ್ ಮಾಡ್ಲಿ?"

"ಇವತ್ತೊಂದ ದಿನ ಬ್ಯಾಳಿ ಮಾಡು."

ಮೊದಲ ದಿನ ಆಕಾರ. ಎರಡನೆಯ ದಿನ ನೆರಳು. ಮೂರನೆಯ ದಿನ ಹೊಳಪು ಹಚ್ಚಲು ಕೂತರೆ, ಹೊಳಪು ಇರಬೇಕಲ್ಲ? ಕಲೆ ಮುಗಿಯಲಿ ಎಂದು ಬದನೇಕಾಯಿ ಕಾಯುತ್ತದೆಯೇ? ಸುಕ್ಕುಗಟ್ಟಲು ಶುರುವಾಗಿತ್ತು. ನಮ್ಮವರು ಮತ್ತೆ ಕ್ಯಾಲಿಪರ್ ಹಿಡಿದು ಅಳೆದು, "ನಿನ್ನಿಗಿಂತ ಸಣ್ಣ ಆಗ್ಯಾವ" ಎಂದು ರಬ್ಬರಿನಿಂದ ಅಳಿಸಿ ತಿದ್ದಿದರು. ಮಾರನೆಯ ದಿನ ಅವು ಇನ್ನಷ್ಟು ಸಣ್ಣ. ಇವರು ಇನ್ನಷ್ಟು ತಿದ್ದಿದರು. ಬದನೇಕಾಯಿಯ ಹಿಂದೆ ಅವರು, ಅವರ ಹಿಂದೆ ನಾನು, ನಮ್ಮಿಬ್ಬರ ಹಿಂದೆ ದಿನಾ ಬೇಳೆ ತಿಂದು ಮುಖ ಊದಿಸಿಕೊಂಡ ಮಗ.

ವಾರದ ಕೊನೆಗೆ ಚಿತ್ರ ಮುಗಿಯಿತು. ಆರ್.ಟಿ. ನಗರದಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಬಂದಿದ್ದಳು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಅಕ್ಕಾ, ಭಾವ ಉತ್ತತ್ತಿ ಎಷ್ಟ್ ಚಂದ ಬರದಾರ!" ಅಂದಳು.

ನಮ್ಮವರು ಆ ಒಣ ಖರ್ಜೂರವನ್ನೂ ನುಂಗಿಕೊಂಡು, "ನಿಮ್ಮ ಮನಿಗೆ ಒಯ್ಯವಾ" ಅಂದರು.

"ಅಯ್ಯ, ನಮ್ಮ ಮನಿ ಓನರ್ ಗ್ವಾಡಿಗೆ ಮೊಳಿ ಹೊಡಿಯಾಕ ಬಿಡಂಗಿಲ್ಲ ಭಾವ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಅವಳು ಬೀದಿ ದಾಟಿದ ಮೇಲೆ ನಮಗೆ ನೆನಪಾಯಿತು. ಆ ಮನೆಯ ಗೃಹಪ್ರವೇಶಕ್ಕೆ ಹೋಗಿ, ಆ ಓನರ್ ಕೈಯಲ್ಲೇ ತಾಂಬೂಲ ಇಸಿದುಕೊಂಡು ಬಂದವರು ನಾವೇ. ಓನರ್ ಅವಳೇ.

ಕೆರೆಯ ದಾರಿ

ಮನೆಯೊಳಗಿನ ವಸ್ತುಗಳು ಬಾಡುತ್ತವೆ ಎಂದು ತಿಳಿದ ಮೇಲೆ ಹೊರಗೆ ಹೊರಟರು. ಪುಟ್ಟೇನಹಳ್ಳಿ ಕೆರೆಗೆ ಹೋಗುವ ದಾರಿಯ ಚಿತ್ರ ಬರೆಯುವುದೆಂದು ತೀರ್ಮಾನ. ತಲೆಗೆ ಟೋಪಿ, ಕೈಯಲ್ಲಿ ಟೇಪು, ಬಗಲಲ್ಲಿ ಮೂರು ಕಾಲಿನ ಸ್ಟ್ಯಾಂಡು, ಕಿವಿಗೆ ಪೆನ್ಸಿಲ್. ರಸ್ತೆಯ ಅಗಲ ಅಳೆದರು, ಮರದಿಂದ ಕಾಂಪೌಂಡಿಗೆ ಎಷ್ಟು, ಕಾಂಪೌಂಡಿನಿಂದ ಮೋರಿಗೆ ಎಷ್ಟು ಎಂದು ಬರೆದುಕೊಂಡರು. ಯಾರೋ, "ಏನ್ ಸಾರ್ ಇದು?" ಎಂದು ಕೇಳಿದ್ದಕ್ಕೆ, "ಇದ್ದದ್ದು ಇದ್ದಂಗ ಬರೀತೀನಿ. ಯಾರ ಮುಲಾಜೂ ಇಲ್ಲ" ಅಂದರಂತೆ.

ಅಷ್ಟು ಸಾಕಾಯಿತು. ರಸ್ತೆ ಅಗಲ ಮಾಡುತ್ತಾರಂತೆ, ಸರ್ವೆಗೆ ಬಂದಿದ್ದಾರಂತೆ, ಲಂಚ ಮುಟ್ಟದ ಮುದುಕನಂತೆ ಎಂದು ಸುದ್ದಿ ಹಬ್ಬಿತು.

ಮಾರನೆಯ ಬೆಳಿಗ್ಗೆ ಒಬ್ಬರು ದೊಡ್ಡ ಹಲಸಿನ ಹಣ್ಣು ಹೊತ್ತುಕೊಂಡು ಮನೆಗೆ ಬಂದರು. "ಸಾರ್, ನಿನ್ನೆ ನಮ್ಮನೆ ಮುಂದೆ ಬರ್ಕೊಂಡ್ರಲ್ಲ, ಅದನ್ನ ಒಂದ್ಸಲ ನೋಡ್ಬೋದಾ?"

ನಮ್ಮವರ ಕಣ್ಣಲ್ಲಿ ನೀರೊಂದು ಬಾಕಿ. ಚಿತ್ರ ನೋಡಲು ಮನೆಗೆ ಹುಡುಕಿಕೊಂಡು ಬಂದ ಮೊದಲ ರಸಿಕ! ನನ್ನ ಕಡೆ ತಿರುಗಿ, "ಚಾ ಇಡು, ಶುಂಠಿ ಹಾಕಿ" ಅಂದರು. ಚಿತ್ರ ತಂದು ಬಿಚ್ಚಿದರು. ಬೇವಿನ ಮರ, ದಾರಿ, ದಾರಿಯೊಳಕ್ಕೆ ಮೂರು ಅಡಿ ಮುಂದೆ ಬಂದು ನಿಂತ ಆ ಮನುಷ್ಯನ ಕಾಂಪೌಂಡು.

"ನೋಡ್ರಿ, ನಿಮ್ಮ ಕಾಂಪೌಂಡ್ ಹೆಂಗ ಮುಂದ ಎದ್ದು ಬಂದಂಗ ಕಾಣ್ತದ! ಚಿತ್ರದ ಜೀವಾನ ಅಲ್ಲೈತಿ."

ಆತನ ಮುಖದ ಬಣ್ಣ ಇಳಿಯಿತು. "ಸಾರ್, ನಮ್ಮಪ್ಪನ ಕಾಲದಲ್ಲಿ ಕಟ್ಟಿದ್ದು. ನಾನ್ ಏನೂ ಮಾಡಿಲ್ಲ."

"ಭಾಳ ಚಲೋ ಕಟ್ಯಾರ. ತಗೊಂಡು ಹೋಗ್ರಿ, ನಿಮಗ ಇದು. ಗ್ವಾಡಿಗೆ ಹಾಕ್ರಿ."

ಆತ ಎರಡೂ ಕೈ ಜೋಡಿಸಿದ. "ಗೋಡೆ ಬೇಕಾದ್ರೆ ಇವತ್ತೇ ಒಡಿತೀನಿ ಸಾರ್. ಇದನ್ನ ಮಾತ್ರ ಯಾರಿಗೂ ತೋರಿಸ್ಬೇಡಿ."

ಒಂದು ವಾರದಲ್ಲಿ ಕಾಂಪೌಂಡು ಮೂರು ಅಡಿ ಹಿಂದೆ ಹೋಯಿತು. ನೀರಿನ ಟ್ಯಾಂಕರ್ ಈಗ ಆ ದಾರಿಯಲ್ಲಿ ಸಲೀಸಾಗಿ ಹೋಗುತ್ತದೆ. ನಮ್ಮವರು ಮಾತ್ರ ಚಿತ್ರವನ್ನೊಮ್ಮೆ, ಜಾಗವನ್ನೊಮ್ಮೆ ನೋಡಿ, "ಅಳತಿ ಹೆಂಗ ತಪ್ಪಿತು ನಂದು?" ಎಂದು ಎರಡು ದಿನ ಊಟ ಬಿಟ್ಟರು. ಹಲಸಿನ ಹಣ್ಣು ನಾವು ತಿಂದೆವು.

ಬೀಗರ ತಲೆ

ಸೊಸೆಯ ಅಪ್ಪ ಹೆಬ್ಬಾಳದಲ್ಲಿದ್ದಾರೆ. ತಲೆ ನುಣ್ಣಗಾಗಿದ್ದರೂ ಗಡ್ಡ ಮಾತ್ರ ಪೊದೆಯ ಹಾಗಿದೆ. ಅವರಿಗೆ ಅರವತ್ತು ತುಂಬಿದಾಗ ಅವರದೇ ಚಿತ್ರ ಬರೆದು ಉಡುಗೊರೆ ಕೊಡುವುದೆಂದು ನಮ್ಮವರು ಹಠ ಹಿಡಿದರು. ಬೀಗರನ್ನು ಕುರ್ಚಿಯಲ್ಲಿ ಕೂರಿಸಿ, ಕ್ಯಾಲಿಪರ್‌ನಲ್ಲಿ ಮೂಗು, ಕಿವಿ, ಕೆನ್ನೆಯ ನರಹುಲಿ ಎಲ್ಲ ಅಳೆದುಕೊಂಡು ಬಂದರು.

ಸೊಸೆ ಮೆಲ್ಲಗೆ ಕೇಳಿಕೊಂಡಳು. "ಮಾವ, ತಲೆ ಮೇಲೆ ನಾಲ್ಕ್ ಕೂದಲು ಜಾಸ್ತಿ ಹಾಕ್ಬಿಡಿ. ಅಪ್ಪ ಖುಷಿಯಾಗ್ತಾರೆ."

"ನಾಲ್ಕ ಯಾಕವಾ, ಎಣಿಸೀನಿ. ಹದಿನೇಳು ಅದಾವ. ಹದಿನೇಳೂ ಹಾಕೀನಿ."

ಸಮಾರಂಭದಲ್ಲಿ ಎಲ್ಲರ ಎದುರಿಗೆ ಬೀಗರು ಕಾಗದ ಬಿಚ್ಚಿದರು. ಬೀಗಿತ್ತಿ, "ಅಯ್ಯೋ, ಥೇಟ್ ಇವ್ರೇ!" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ಬೀಗರು ನಮ್ಮವರ ಕೈ ಹಿಡಿದುಕೊಂಡು, "ಬೀಗರೇ, ಹುಡುಗಿ ಕೊಟ್ಟಿದ್ದು ಬಿಟ್ರೆ ನಿಮಗೆ ನಾನ್ ಏನ್ ಅನ್ಯಾಯ ಮಾಡಿದ್ದೆ?" ಅಂದರು.

ಆದರೂ ನಾವು ಹೋದಾಗಲೆಲ್ಲ ಆ ಚಿತ್ರ ಅವರ ಹಾಲಿನ ಗೋಡೆಯ ಮೇಲೆ ಇರುತ್ತಿತ್ತು. ಕೇಳಿ ಒಯ್ದದ್ದಲ್ಲದಿದ್ದರೂ ಹಾಕಿಕೊಂಡಿದ್ದಾರಲ್ಲ ಎಂದು ನಮ್ಮವರಿಗೆ ಒಳಗೊಳಗೆ ಸಮಾಧಾನ. ಒಂದು ಭಾನುವಾರ ಸೊಸೆಯನ್ನೂ ಕರೆದುಕೊಂಡು, ಫೋನ್ ಮಾಡದೇ ಹೋದೆವು. ಬೀಗಿತ್ತಿ ಬಾಗಿಲು ಅರ್ಧ ತೆಗೆದು, ನಮ್ಮನ್ನು ನೋಡಿ, "ಒಂದ್ನಿಮಿಷ, ನಾಯಿ ಕಟ್ ಹಾಕ್ತೀನಿ" ಎಂದು ಮುಚ್ಚಿಕೊಂಡರು. ಆ ಮನೆಯಲ್ಲಿ ನಾಯಿಯೇ ಇಲ್ಲ. ಒಳಗೆ ಸ್ಟೂಲ್ ಎಳೆದ ಸದ್ದು, ಏನೋ ಬಿದ್ದ ಸದ್ದು, "ಆ ಕಡೆ ಕಣ್ರೀ, ಆ ಕಡೆ" ಎಂಬ ಪಿಸುಮಾತು.

ಒಳಗೆ ಹೋದರೆ ಚಿತ್ರ ಗೋಡೆಯ ಮೇಲಿತ್ತು. ಗಡಿಬಿಡಿಯಲ್ಲಿ ತಲೆಕೆಳಗಾಗಿ ನೇತು ಹಾಕಿದ್ದರು. ನುಣ್ಣನೆಯ ತಲೆ ಕೆಳಕ್ಕೆ, ಪೊದೆಯಂಥ ಗಡ್ಡ ಮೇಲಕ್ಕೆ.

ನಮ್ಮವರು ಅದನ್ನು ನೆಟ್ಟಗೆ ಮಾಡಲು ಕೈ ಚಾಚಿದರು. ಸೊಸೆ ತಡೆದಳು. "ಹಿಂಗೇ ಇರ್ಲಿ ಬಿಡಿ ಮಾವ. ಅಪ್ಪನಿಗೆ ಕೂದಲು ಬಂದಿದೆ."

ನನ್ನ ಸರದಿ

ಅವತ್ತು ನಗಲಿಲ್ಲ ನಮ್ಮವರು. ಮನೆಗೆ ಬಂದು ಬಣ್ಣದ ಟ್ಯೂಬುಗಳನ್ನು ಡಬ್ಬಿಗೆ ತುಂಬಿ, ಡಬ್ಬಿಯನ್ನು ಅಟ್ಟಕ್ಕೆ ಹಾಕಿದರು. ಸಾರಿಗೆ ಉಪ್ಪು ಕಡಿಮೆ ಎಂದೂ ಅನ್ನಲಿಲ್ಲ. ಹದಿನೈದು ದಿನ ಸುಮ್ಮನೆ ಕಟ್ಟೆಯ ಮೇಲೆ ಕೂತು, ಎದುರಿನ ಸೈಟಿನಲ್ಲಿ ಏಳುತ್ತಿದ್ದ ಹೊಸ ಮನೆಯನ್ನು ನೋಡುತ್ತಿದ್ದರು. ಹದಿನಾರನೆಯ ದಿನ ನಾನೇ ಹೇಳಿದೆ. "ಡಬ್ಬಿ ಇಳಿಸ್ರಿ. ನಾ ಕುಂದರತೀನಿ, ನನ್ನ ಬರೀರಿ."

ಹೇಳಬಾರದಿತ್ತು. ಐದು ದಿನ ಕೂರಿಸಿದರು. ಐದನೆಯ ದಿನ ಕಣ್ಣು, ಹುಬ್ಬು ಬರೆಯುವ ಹೊತ್ತಿಗೆ ಒಳಗೆ ಸಾರು ಉಕ್ಕಿ ಒಲೆಯ ಮೇಲೆ ಚುಂಯ್ ಅಂದಿತು. ನಾನು ಏಳಲು ಹೋದೆ.

"ಅಲ್ಲಾಡಬ್ಯಾಡ! ಹುಬ್ಬಿನ ಅಳತಿ ತಗೊಳ್ಳಾಕತ್ತೀನಿ!"

"ಸಾರು ಉಕ್ಕಾಕತ್ತೈತ್ರಿ!"

"ಉಕ್ಕಲಿ! ಹಂಗ ಇರು! ಹಂಗ!"

ಹಾಗೆಯೇ ಇದ್ದೆ. ಅವರು ಹಾಗೆಯೇ ಬರೆದರು.

ಸಂಜೆ ಚಿತ್ರವನ್ನು ಹಾಲ್‌ನಲ್ಲಿ ಇಟ್ಟರು. ಐದನೆಯ ಕ್ಲಾಸಿನ ಮೊಮ್ಮಗಳು ಯಾರೂ ಹೇಳದೇ ತಾನಾಗಿ ಹೋಂವರ್ಕ್ ಮಾಡಲು ಕೂತಳು. ಸೊಸೆ ಬಹಳ ಯೋಚಿಸಿ, "ತುಂಬಾ ಚೆನ್ನಾಗಿದೆ ಅತ್ತೆ. ಆದ್ರೆ ಬಾಗಿಲಿಗೆ ಎದುರಾಗಿ ಬೇಡ. ಬಂದವರು ಒಳಗೆ ಬರ್ಬೇಕಲ್ಲ" ಅಂದಳು. ಬಣ್ಣ ಒಣಗಲಿ ಎಂಬ ನೆಪದಲ್ಲಿ ಅದನ್ನು ವರಾಂಡಕ್ಕೆ ಸಾಗಿಸಿದೆವು.

ಭಾನುವಾರ ಎದುರಿನ ಹೊಸ ಮನೆಯ ಯಜಮಾನ ಬಂದಿದ್ದ. ಇಲ್ಲೇ ಹತ್ತಿರದ ಅಬ್ಬಿಗೆರೆಯವನು, ವಾರಕ್ಕೊಮ್ಮೆ ಬಂದು ಕೆಲಸ ನೋಡಿಕೊಂಡು ಹೋಗುತ್ತಾನೆ. ಕಟ್ಟೆಯ ಮೇಲೆ ಕೂತ ನಮ್ಮವರ ಜೊತೆ ಎರಡು ಮಾತಾಡುವುದಿದೆ, ಒಳಗಿರುವ ನನ್ನನ್ನು ಕಂಡವನಲ್ಲ. ವರಾಂಡದಲ್ಲಿದ್ದ ಚಿತ್ರ ನೋಡಿ ನಿಂತುಬಿಟ್ಟ.

"ಸಾರ್, ನೀವೇ ಬರ್ದಿದ್ದಾ? ಏನ್ ಕಣ್ಣು ಸಾರ್! ಇದನ್ನ ನಮಗ್ ಕೊಡ್ತೀರಾ? ಒಸ ಮನೆಗೆ ಆಕ್ಕೊಂತೀನಿ."

ನಮ್ಮವರು ಒಳಗೆ ಓಡಿ ಬಂದರು. ಈ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ಅವತ್ತೇ ನೋಡಿದ್ದು. "ಕೇಳಿದ! ತಾನಾಗಿ ಕೇಳಿದ! ಹೊಸಾ ಮನಿಗೆ ಅಂತ!" ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಕೈಯಾರೆ ಚಿತ್ರ ಕೊಟ್ಟರು. ಬೀದಿಗೆಲ್ಲ ಪೇಡೆ ಹಂಚಿದರು. ನನಗೂ ಒಂದು ತರಹ ನಾಚಿಕೆ, ಒಂದು ತರಹ ಜಂಬ. ಪರವೂರಿನಲ್ಲಿ, ಪರರ ಹಾಲ್‌ನಲ್ಲಿ ನನ್ನ ಚಿತ್ರ!

ಮೂರು ದಿನ ಬಿಟ್ಟು, ಬಟ್ಟೆ ಒಣಹಾಕಲು ಹೋದ ಸೊಸೆ ಮೇಲಿನಿಂದಲೇ ಕೂಗಿದಳು. "ಅತ್ತೆ, ಟೆರೇಸ್‌ಗೆ ಬನ್ನಿ. ಸಿಟ್ಟಾಗಲ್ಲ ಅಂತ ಆಣೆ ಮಾಡಿ."

ಹೋಗಿ ನೋಡಿದೆ. ಎದುರಿನ ಕಟ್ಟಡದ ಎರಡನೆಯ ಮಹಡಿಯಲ್ಲಿ, ಗಾರೆಯವರು ಹತ್ತಿ ನಿಲ್ಲುವ ಸಾರುವೆಯ ಮರಕ್ಕೆ ಕಟ್ಟಿ, ರಸ್ತೆಗೆ ಮುಖ ಮಾಡಿ ನಾನು ನಿಂತಿದ್ದೆ. ಕೊರಳಿಗೆ ಮೆಣಸಿನಕಾಯಿ ನಿಂಬೆಹಣ್ಣಿನ ಹಾರ. ಎಡಕ್ಕೊಂದು ಬಲಕ್ಕೊಂದು ಬೂದುಗುಂಬಳ. ಕೋರೆಹಲ್ಲಿನ ದೃಷ್ಟಿ ಬೊಂಬೆ ತೂಗಬೇಕಾದ ಜಾಗವದು!

ನಾನು ಇಳಿದು ಬಂದ ವೇಗಕ್ಕೆ ನಮ್ಮವರು ಚಪ್ಪಲಿ ಹುಡುಕಲೂ ಆಗದೆ ಹಿಂದೆ ಬಂದರು. ಅದೃಷ್ಟಕ್ಕೆ ಯಜಮಾನ ಅಲ್ಲೇ ಇದ್ದ. ನನ್ನನ್ನು ನೋಡಿದ. ಮೇಲೆ ನೋಡಿದ. ಮತ್ತೆ ನನ್ನನ್ನು ನೋಡಿ, ಕಾಲಿನ ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಂತ.

"ಅಮ್ಮಾ, ತಪ್ಪಾಯ್ತು. ಸಾರ್ ಮನಸ್ನಾಗೇ ಕಲ್ಪನೆ ಮಾಡಿ ಬರ್ದವ್ರೆ ಅಂದ್ಕಂಡೆ. ಅಂಗ್ಡೀಲಿ ಸಿಗೋ ಬೊಂಬೆ ಯಾವ್ದಕ್ಕೂ ಇಂಗೆ ಕಣ್ಣಿಲ್ಲ ನೋಡಿ. ಈಗ್ಲೇ ಇಳಿಸ್ತೀನಿ."

ಮೇಲಿನಿಂದ ಮೇಸ್ತ್ರಿ ಕೂಗಿದ. "ಬೇಡ ಸಾರ್! ಅದು ಬಂದ್ಮೇಲೆ ಒಬ್ನೂ ಬೀಡಿ ಸೇದಕ್ಕೆ ಕೂತಿಲ್ಲ. ತಾರಸಿ ಮೋಲ್ಡ್ ಹಾಕೋ ತನಕ ಇರ್ಲಿ!"

ಇಳಿಸು ಎನ್ನಲು ಬಾಯಿ ತೆರೆದೆ. ತೆರೆದವಳು ನಮ್ಮವರನ್ನು ನೋಡಿದೆ. ಬರಿಗಾಲಿನಲ್ಲಿ ಜಲ್ಲಿಯ ಮೇಲೆ ನಿಂತು, ಕತ್ತೆತ್ತಿ ಆ ಚಿತ್ರವನ್ನೇ ನೋಡುತ್ತಿದ್ದರು. ನಾನು ಒಂದು ಮಾತು ಅಂದರೆ ಮುಗಿಯಿತು, ಅದು ಇಳಿಯುತ್ತದೆ. ಬಣ್ಣದ ಡಬ್ಬಿ ಮತ್ತೆ ಅಟ್ಟಕ್ಕೆ ಏರುತ್ತದೆ. ಅದು ಅವರಿಗೂ ಗೊತ್ತು. ಅದಕ್ಕೇ ನನ್ನ ಕಡೆ ತಿರುಗಲಿಲ್ಲ.

"ಇರ್ಲಿ ಬಿಡಪಾ. ಕೇಳಿ ತಗೊಂಡು ಬಂದೀದಿ, ಇರ್ಲಿ" ಅಂದೆ.

ಅಷ್ಟಕ್ಕೆ ಸುಮ್ಮನಾಗಿದ್ದರೆ ನಾನೂ ತಣ್ಣಗಾಗಿ ಮನೆಗೆ ಬರುತ್ತಿದ್ದೆ. ನಮ್ಮವರಿಗೆ ಹುರುಪು ಬಂದುಬಿಟ್ಟಿತು. ಯಜಮಾನನ ತೋಳು ಹಿಡಿದು ನನ್ನ ಮುಂದೆ ತಂದು ನಿಲ್ಲಿಸಿದರು. "ಈಗ ಇಬ್ಬರೂ ನಿಮ್ಮ ಕಣ್ಣ ಮುಂದ ಅದಾರ. ನೀವ ಹೇಳ್ರಿ, ನಾ ಬರದದ್ದರಾಗ ಏನರೆ ಫರಕ್ ಐತೇನು?"

ನಾನು ನಮ್ಮವರನ್ನು ನೋಡಿದೆ.

ಯಜಮಾನ ಚಿತ್ರವನ್ನು ನೋಡಿದ. ನನ್ನನ್ನು ನೋಡಿದ. ಎರಡು ಹೆಜ್ಜೆ ಹಿಂದೆ ಸರಿದ.

"ವಸಿ ಐತೆ ಸಾರ್. ಚಿತ್ರದಾಗೆ ಅಮ್ಮ ಸಾಂತವಾಗವ್ರೆ."