ಈ ಕೊಬ್ಬು ಯಾರ ತವರುಮನಿದು?

ನಮ್ಮ ಗಂಗಾವತಿ ಓಣ್ಯಾಗ ನಾ ಕಿಟಕಿ ಮುಚ್ಚಿ ಕುಂತರೂ ಸುದ್ದಿ ಗ್ವಾಡಿ ದಾಟಿ ಬರತಾವು. ಎದುರುಮನಿ ಹುಡುಗಿ ಬ್ಯಾನಿ ಸುದ್ದಿನೂ ಹಂಗ ಬಂತು. ಎದಿ ಧಸಕ್ಕನ್ನೂವಂಥಾ ಬ್ಯಾನಿ. ಆದ್ರ ಆ ಮನ್ಯಾಗ ಅತ್ತಿ ಅನ್ನೂವಾಕಿ, ಅಂದ್ರ ಆ ಹುಡುಗಿ ಆಯಿ, ಅಪ್ಪನ ತಾಯಿ, ಇರೂತನಕ ಅಳಾಕ ಪುರಸೊತ್ತು ಎಲ್ಲಿ?

೧. ಕುದುರಿ ಬಾಲ

ಹುಡುಗಿ ಮೊಣಕೈಗೆ, ಹಿಮ್ಮಡಿಗೆ ಹಳದಿ ಗಂಟು ಎದ್ದಿದ್ದವು. ಅತ್ತಿ ನೋಡಿದಾಕಿನ "ನರುಳ್ಳಿ!" ಅಂತ ತೀರ್ಪು ಕೊಟ್ಟಳು. ನರುಳ್ಳಿಗೆ ಕುದುರಿ ಬಾಲದ ಕೂದಲಾ ಬಿಗದು ಕಟ್ಟಿದ್ರ ಉದುರತಾವಂತ. ಟಾಂಗಾ ಹೊಡಿಯೂ ಸಾಬಣ್ಣನ ಮನಿಗೆ ದಿನಾ ಹೋಗಿ ಕಿತ್ತಗೊಂಡು ಬರಾಕ ಹತ್ತಿದಳು. ಕಡೀಕ ಆತ ಕೈ ಮುಗದ.

"ಅಕ್ಕಾ, ನಿಮ್ಮ ಮೊಮ್ಮಗಳ ಗಂಟು ಅಲ್ಲೇ ಅದಾವು. ನನ್ನ ಕುದುರಿಗೆ ನೊಣಾ ಹೊಡಕೊಳ್ಳಾಕ ಬಾಲನ ಇಲ್ಲದಂಗಾತು!"

೨. ಏನೂ ತಿಂದಿಲ್ಲ

ಕೊಪ್ಪಳದ ಡಾಕ್ಟರಮ್ಮ ನೋಡಿ, ಇದು ನರುಳ್ಳಿ ಅಲ್ಲ, ರಕ್ತದಾಗಿನ ಕೊಬ್ಬು, ಹುಟ್ಟಿನಿಂದ ಬಂದದ್ದು ಅಂದ್ರು. ಹಂಗ ಬಿಟ್ರ ಎಳೇ ವಯಸ್ಸಿನ್ಯಾಗ ಎದಿಗೆ ಅಪಾಯ ಐತಿ ಅಂದ್ರು. ಸೊಸಿ, ಅಂದ್ರ ಹುಡುಗಿ ಅವ್ವ, ಮಗಳ ತೋಳು ಹಿಡದು ತಿರುಗಿಸಿ ನೋಡಿದಳು. ಕಡ್ಡಿಯಂಥಾ ಹುಡುಗಿ, ಅದಕ್ಕ ಕೊಬ್ಬಾ!

ಅತ್ತಿ ಬಿಟ್ಟಾಳೇನು? "ನೋಡು, ನಿನ್ನ ತವರುಮನಿ ರಕ್ತ! ನಿಮ್ಮಪ್ಪನೂ ಎದಿ ಹಿಡಕೊಂಡ ಹೋದ" ಅಂತ ಎಲ್ಲಾರ ಮುಂದ ಚುಚ್ಚಿದಳು. ಸೊಸಿ ಬಾಯಿ ಬಿಡಲಿಲ್ಲ. ಆಕಿ ಎಂದೂ ಬಿಟ್ಟಾಕಿ ಅಲ್ಲ.

ಮರುದಿನ ಏನೂ ತಿನ್ನಿಸದ ಕರಕೊಂಡು ಬಂದು ರಕ್ತಾ ಕೊಡಬೇಕಿತ್ತು. ನಾನೂ ಬಸ್ಸು ಹತ್ತಿದೆ. ಇಂಥದ್ದನ್ನ ಇನ್ನೊಬ್ಬರ ಬಾಯಿಂದ ಕೇಳಿದ್ರ ಸಪ್ಪಗ ಇರತೈತಿ.

"ಏನೂ ತಿಂದಿಲ್ಲ ತಾನೆ?" ಅಂತ ಕೇಳಿದ್ರು ಡಾಕ್ಟರಮ್ಮ.

"ಒಂದಗಳು ಅನ್ನಾ ಮುಟ್ಟಿಲ್ಲರಿ. ಗಟ್ಟಿ ಶಿವರಾತ್ರಿ ಮಾಡಿಸೇನಿ" ಅಂದಳು ಅತ್ತಿ.

ಹುಡುಗಿ ಸತ್ಯವಂತಿ. "ಸಾಬುದಾಣಿ ಖಿಚಡಿ ತಿಂದೇನ್ರಿ. ಶೇಂಗಾ ಉಂಡಿ, ಬಾಳಿಹಣ್ಣು, ಕೆನಿ ಹಾಲು."

ಡಾಕ್ಟರಮ್ಮ ಕನ್ನಡಕ ತಗದ್ರು. "ಉಪವಾಸ ಇಲ್ಲದ ದಿನ ಏನು ತಿಂತೀಯಮ್ಮ?"

"ರೊಟ್ಟಿ ಪಲ್ಯೆ, ಅಷ್ಟರಿ."

೩. ತುರಿಕಿ

ಡಾಕ್ಟರಮ್ಮ ಕೊಟ್ಟ ಗುಳಿಗಿಗೆ ಆ ಕೊಬ್ಬು ಜಗ್ಗಲಿಲ್ಲ. ಆವಾಗ ಹೊಸಾ ಇಂಜೆಕ್ಷನ್ ಪರೀಕ್ಷೆಗೆ ಹುಡುಗೀನ ಸೇರಿಸಿಕೊಂಡ್ರು. ಗುಳಿಗಿ ಎಲ್ಲಾರಿಗೂ ಐತಿ. ಅದರ ಮ್ಯಾಲ ಸೂಜ್ಯಾಗ ಕೆಲವರಿಗೆ ಖರೇ ಔಷಧ, ಕೆಲವರಿಗೆ ಬರೇ ನೀರು. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿಲ್ಲಂತ.

"ನಿಮಗೂ ಗೊತ್ತಿಲ್ಲಾ? ಮತ್ತ ಅಷ್ಟು ವರ್ಷ ಏನ ಓದಿದ್ರಿ?" ಅಂದಳು ಅತ್ತಿ.

ಸೊಸಿಗೆ ಅನ್ನಾ ಸೇರವಲ್ದು. ಮಗಳ ಪಾಲಿಗೆ ನೀರ ಬಂದಿದ್ರ? ಔಷಧ ಬಿದ್ದವರಿಗೆ ಚುಚ್ಚಿದಲ್ಲಿ ತುರಸತೈತಿ ಅಂತ ಯಲಬುರ್ಗಾದಿಂದ ಅದ ಪರೀಕ್ಷೆಗೆ ಬರೂ ಹೆಣ್ಮಗಳೊಬ್ಬಾಕಿ ಹೇಳಿದ್ದಷ್ಟ, ಶುರುವಾತು.

"ತುರಸತೈತೇನ ಬೇ?"

"ಇಲ್ಲ ಆಯಿ."

"ಛಲೋತ್ನ್ಯಾಗ ನೋಡು!" ಅಂತ ಅತ್ತಿ ತಾನ ಕೆರದು ಕೆರದು ನೋಡತಿದ್ದಳು. ಚರ್ಮ ಕೆಂಪಗಾತು. ಹುಡುಗಿ "ಈಗ ತುರಸತೈತಿ!" ಅಂತ ಚೀರಿತು. ಅತ್ತಿ ಖುಷಿಯಾಗಿ ಓಣಿಗೆಲ್ಲಾ ಸಕ್ರಿ ಹಂಚಿದಳು, "ನಮಗ ಖರೇ ಔಷಧ ಬಂದೈತಿ" ಅಂತ.

ನಾನೂ ತಿಂದೆ. ಔಷಧದ್ದು ನನಗ ಗೊತ್ತಿಲ್ಲ, ಸಕ್ರಿ ಮಾತ್ರ ಖರೇನ ಇತ್ತು.

೪. ಒಂದ ದಾರಿ

ಪರೀಕ್ಷೆ ಮುಗೀತು. "ಇವಳಿಗೆ ಬಂದಿದ್ದು ನೀರು" ಅಂದ್ರು ಡಾಕ್ಟರಮ್ಮ. ಸೊಸಿ ಮಗಳನ್ನ ಹತ್ರ ಎಳಕೊಂಡಳು.

"ಮತ್ತ ತುರಿಕಿ?" ಅಂದಳು ಅತ್ತಿ.

"ಅದನ್ನು ನಿಮ್ಮ ಉಗುರಿಗೇ ಕೇಳಿ. ಹೆದರಬೇಡಿ, ಇನ್ನು ಮೇಲೆ ಎಲ್ಲರಿಗೂ ಔಷಧಿಯೇ."

ಖರೇ ಔಷಧ ಸುರುವಾದ ಮ್ಯಾಲ ಕೊಬ್ಬು ಇಳೀತು. ಪೂರ್ತಿ ಅಲ್ಲ, ಇಳೀತು. ಸೊಸಿ ಗ್ವಾಡಿಗೆ ಒರಗಿ ನಿಂತು ಉಸುರು ಬಿಟ್ಟಳು. ನನ್ನ ಕಣ್ಣಿಗೂ ನೀರ ಬಂದವು, ಯಾರಿಗೂ ಹೇಳಬ್ಯಾಡ್ರಿ.

"ಮಗುವಿಗೆ ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಬಂದಿದೆ. ಎರಡೂ ಮನೆಯವರು ರಕ್ತ ತೋರಿಸಬೇಕು" ಅಂದ್ರು ಡಾಕ್ಟರಮ್ಮ.

"ನಮ್ಮ ಕಡಿಯಿಂದ ಬರಾಕ ಸಾಧ್ಯನ ಇಲ್ಲ. ಎಲ್ಲಾ ಈಕಿ ತವರುಮನಿದು."

"ಅದು ಯಾವ ಊರು?"

"ಕುಷ್ಟಗಿ."

"ನಿಮ್ಮ ತವರುಮನೆ?"

ಅತ್ತಿ ಫ್ಯಾನ್ ನೋಡಿದಳು. ನನ್ನ ನೋಡಿದಳು. ನನಗ ಮೊದಲಿಂದ ಗೊತ್ತಿತ್ತು, ಆದ್ರ ನಾ ಹೇಳಿದ್ರ ರುಚಿ ಎಲ್ಲಿ? ಸೆರಗು ಬಾಯಿಗೆ ಹಿಡಕೊಂಡ ಕುಂತೆ.

"ಕುಷ್ಟಗಿ."

"ಕುಷ್ಟಗಿಯಲ್ಲಿ ಯಾವ ಮನೆ?"

"ಅದ ಮನಿರಿ. ಈಕಿ ನಮ್ಮಣ್ಣನ ಮಗಳು."

ಎದಿ ಹಿಡಕೊಂಡು ಹೋದ 'ನಿಮ್ಮಪ್ಪ' ಅಂದ್ರ ಅತ್ತಿಯ ಒಡಹುಟ್ಟಿದ ಅಣ್ಣ!

"ಹಾಗಾದರೆ ಮೊದಲು ನಿಮ್ಮ ರಕ್ತ ಕೊಡಿ ಅಮ್ಮ."

ಇಷ್ಟು ದಿನ ಇನ್ನೊಬ್ಬರ ಮೈ ಕೆರದ ಅತ್ತಿ, ಸೂಜಿ ಕಂಡು ಮುಷ್ಟಿ ಬಿಗದು ಕೈ ಸೆರಗಿನ್ಯಾಗ ಮುಚ್ಚಿಕೊಂಡಳು. ಸೊಸಿ ಹೋಗಿ ಆಕಿ ಕೈ ಮೆಲ್ಲಕ ಹಿಡಕೊಂಡಳು. ಮದುವಿಯಾಗಿ ಬಂದಾಗಿನಿಂದ ಆಕಿ ಎದುರ ಮಾತಾಡಿದ್ದು ಅದ ಮೊದಲು.

"ಕೈ ಸಡಲ ಬಿಡ್ರಿ ಅತ್ತಿ. ನಮ್ಮ ತವರುಮನಿ ಕೆಟ್ಟ ರಕ್ತ ಅಲ್ಲೇನು? ಹೋದ್ರ ಹೋಗಲಿ!"